ಕಂಪ್ಯೂಟರಿನ ಹೆಸರು ಮತ್ತು ನಿಮ್ಮ ಗುಟ್ಟು: ಹೋಸ್ಟ್‌ನೇಮ್ ಬದಲಾಯಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕೊಪ್ಪಳದ ಸುತ್ತ ಅಕ್ಕಿ ಗಿರಣಿ, ಅಂಗಡಿ, ಲಾಡ್ಜುಗಳ ಕಂಪ್ಯೂಟರು ಮತ್ತು ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಕೆಲವೊಮ್ಮೆ ಸಿಂಧನೂರು, ಬಳ್ಳಾರಿಯವರೆಗೂ ಹೋಗುತ್ತೇನೆ. ಹೋದಲ್ಲೆಲ್ಲ ಜನ ವೈರಸ್ಸಿನ ಬಗ್ಗೆ, ಪಾಸ್‌ವರ್ಡಿನ ಬಗ್ಗೆ ಕೇಳುತ್ತಾರೆಯೇ ಹೊರತು ತಮ್ಮ ಯಂತ್ರ ತನ್ನ ಹೆಸರನ್ನು ತಾನೇ ಸಾರಿಕೊಂಡು ತಿರುಗುತ್ತದೆ ಎಂಬುದರ ಕಡೆ ಅವರ ಗಮನ ಹೋಗುವುದಿಲ್ಲ. ಗಮನ ಹೋದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಹೋಸ್ಟ್‌ನೇಮ್ ಎಂದರೆ ಏನು?

ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರ್ ತನ್ನನ್ನು ತಾನು ಕರೆದುಕೊಳ್ಳುವ ಹೆಸರೇ ಹೋಸ್ಟ್‌ನೇಮ್. ನೀವು ಲಾಗಿನ್ ಆಗುವಾಗ ಬಳಸುವ ಯೂಸರ್‌ನೇಮ್ ಬೇರೆ, ವೈಫೈಯ ಹೆಸರು ಬೇರೆ, ಐಪಿ ವಿಳಾಸ ಬೇರೆ. ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಸಿಗುವ ಅಂಕೆಗಳ ಗುರುತನ್ನು, ರೂಟರ್ ಎಂಬ ವೈಫೈ ಡಬ್ಬಿ ಕೊಡುತ್ತದೆ ಮತ್ತು ಅದು ಊರಿಂದ ಊರಿಗೆ ಬದಲಾಗುತ್ತದೆ. ಹೋಸ್ಟ್‌ನೇಮ್ ಮಾತ್ರ ಯಂತ್ರದೊಳಗೇ ಬರೆದಿಟ್ಟಿರುತ್ತದೆ, ಆದ್ದರಿಂದ ಮನೆಯಲ್ಲಿ ಯಾವ ಹೆಸರೋ ರಾಯಚೂರಿನ ಲಾಡ್ಜಿನಲ್ಲೂ ಅದೇ ಹೆಸರು.

ನಾನು ಯಾವ ಹೆಸರನ್ನೂ ಇಟ್ಟಿಲ್ಲವಲ್ಲ, ಅದು ಎಲ್ಲಿಂದ ಬಂತು?

ನೀವು ಇಡದಿದ್ದರೆ ಯಂತ್ರವೇ ಇಟ್ಟುಕೊಂಡಿರುತ್ತದೆ. ಈಚಿನ ವಿಂಡೋಸ್ ‘ಡೆಸ್ಕ್‌ಟಾಪ್’ ಎಂಬ ಪದ, ಒಂದು ಅಡ್ಡಗೆರೆ, ಆಮೇಲೆ ಏಳು ಅಕ್ಷರ-ಅಂಕೆಗಳನ್ನು ಸೇರಿಸಿ ಹೆಸರು ಮಾಡುತ್ತದೆ. ‘ಲ್ಯಾಪ್‌ಟಾಪ್’ ಎಂದು ಆರಂಭವಾದರೆ ಬಾಲದಲ್ಲಿ ಎಂಟು ಇರುತ್ತವೆ. ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿ ನೋಡಿ, ಒಟ್ಟು ಸರಿಯಾಗಿ 15 ಬರುತ್ತದೆ. ನೆಟ್‌ಬಯೋಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಹೆಸರಿಗೆ 15 ಅಕ್ಷರಗಳ ಜಾಗವಷ್ಟೇ ಇದ್ದು, 16ನೆಯ ಸ್ಥಾನ ಸೇವೆಯ ಗುರುತಿಗೆ ಮೀಸಲಾಗಿದ್ದುದರಿಂದ ಆ ಮಿತಿ ಇವತ್ತಿಗೂ ಬೆನ್ನು ಬಿಟ್ಟಿಲ್ಲ.

ಆಪಲ್ ಕಂಪ್ಯೂಟರು ನಿಮ್ಮ ಖಾತೆಯ ಹೆಸರನ್ನೇ ಎತ್ತಿಕೊಂಡು ‘ಇಂಥವರ ಮ್ಯಾಕ್‌ಬುಕ್’ ಎಂದು ಮಾಡುತ್ತದೆ. ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ಒಂದು ಬಗೆಯಾದ ಉಬುಂಟು ಹಾಕುವಾಗ ಇನ್‌ಸ್ಟಾಲರ್ ನಿಮ್ಮ ಯೂಸರ್‌ನೇಮನ್ನೂ ಲ್ಯಾಪ್‌ಟಾಪಿನ ಮಾಡೆಲನ್ನೂ ಜೋಡಿಸಿ ‘ಬಸವರಾಜ-ಇನ್‌ಸ್ಪಿರಾನ್’ ಎಂಬಂಥ ಹೆಸರನ್ನು ಸೂಚಿಸುತ್ತದೆ. ನಾವು ‘ನೆಕ್ಸ್ಟ್’ ಒತ್ತಿಬಿಡುತ್ತೇವೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರೆ ಹಿಂದಿನ ಮಾಲೀಕರ ಹೆಸರೋ ಅವರ ಕಂಪನಿಯ ಹೆಸರೋ ಅದರಲ್ಲಿ ಹಾಗೆಯೇ ಉಳಿದಿರುವುದೂ ಉಂಟು.

ಆ ಹೆಸರು ಬೇರೆಯವರಿಗೆ ಹೇಗೆ ಗೊತ್ತಾಗುತ್ತದೆ?

ವೈಫೈಗೆ ಸೇರಿದ ಕೂಡಲೇ ನಿಮ್ಮ ಯಂತ್ರ ‘ನನಗೊಂದು ಐಪಿ ವಿಳಾಸ ಕೊಡಿ’ ಎಂದು ಕೇಳುತ್ತದೆ. ಈ ಕೇಳುವ-ಕೊಡುವ ಕ್ರಮಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಇವತ್ತು ಬಳಕೆಯಲ್ಲಿರುವ ಅದರ ನಿಯಮಾವಳಿ 1997ರದು. ಇನ್ನೂ ವಿಳಾಸವೇ ಸಿಗದಿದ್ದ ಯಂತ್ರಕ್ಕೆ ರೂಟರ್ ಎಲ್ಲಿದೆ ಎಂದು ತಿಳಿಯದ ಕಾರಣ ಅದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗಬೇಕಾಗುತ್ತದೆ. ಆ ಕೂಗಿನೊಳಗೆ ‘ಆಪ್ಷನ್ 12’ ಎಂಬ ಒಂದು ಚಿಕ್ಕ ಭಾಗವಿದೆ: ಮೊದಲ ಬೈಟಿನಲ್ಲಿ 12 ಎಂಬ ಅಂಕೆ, ಎರಡನೆಯದರಲ್ಲಿ ಹೆಸರಿನ ಉದ್ದ, ಆಮೇಲೆ ಹೆಸರು, ಒಂದೊಂದೇ ಅಕ್ಷರವಾಗಿ. ವಿಂಡೋಸ್ ತಾನೇ ಇಟ್ಟ ಹೆಸರಾದರೆ 12, 15, ಆಮೇಲೆ ಆ ಹದಿನೈದು ಅಕ್ಷರ. ಇದಕ್ಕೆ ಬೀಗವಿಲ್ಲ, ಗುಪ್ತಲಿಪಿಯೂ ಇಲ್ಲ.

ಕೂಗು ಅಲ್ಲಿಗೇ ನಿಲ್ಲುವುದಿಲ್ಲ. ಪ್ರಿಂಟರ್, ಟಿವಿ, ಫೈಲ್ ಹಂಚಿಕೆಗೆಂದು ಮಾಡಿರುವ ಎಮ್‌ಡಿಎನ್‌ಎಸ್ ಎಂಬ ಪದ್ಧತಿ 224.0.0.251 ಎಂಬ ವಿಳಾಸದ 5353ನೆಯ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಒಂದೊಂದು ಸೇವೆಗೆ ಮೀಸಲಾದ ಬಾಗಿಲಿನ ಸಂಖ್ಯೆ) ನಿಮ್ಮ ಹೆಸರಿಗೆ ‘ಡಾಟ್ ಲೋಕಲ್’ ಎಂಬ ಬಾಲ ಹಚ್ಚಿ ಎಲ್ಲರಿಗೂ ತಿಳಿಸುತ್ತದೆ. ವಿಂಡೋಸಿನಲ್ಲಿ ಎಲ್‌ಎಲ್‌ಎಮ್‌ಎನ್‌ಆರ್ 5355ರಲ್ಲಿ, ನೆಟ್‌ಬಯೋಸ್ 137 ಮತ್ತು 138ರಲ್ಲಿ ಇದೇ ಕೆಲಸ ಮಾಡುತ್ತವೆ. ಹೀಗೆ ಒಂದೇ ಹೆಸರು ಮೂರು-ನಾಲ್ಕು ಬಾಯಿಯಿಂದ ಹೊರಬೀಳುತ್ತಿರುತ್ತದೆ.

ಗೊತ್ತಾದರೆ ಏನಾಯಿತು? ಬರೀ ಒಂದು ಹೆಸರಲ್ಲವೇ?

ಬಹಳ ಜನ ಇದನ್ನೇ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಗಿರಣಿಯ ಆಫೀಸಿನಲ್ಲಿ ವೈಫೈ ನಿಧಾನವಾಗಿದೆ ಎಂದು ಕರೆದಿದ್ದರು. ರೂಟರಿನ ಪುಟ ತೆರೆದು, ಯಾರು ಯಾರು ಸೇರಿಕೊಂಡಿದ್ದಾರೆ ಎಂಬ ಪಟ್ಟಿಯನ್ನು ನೋಡುತ್ತಿದ್ದೆ. ಮಾಲೀಕರು ಹಿಂದೆ ನಿಂತು, ಕೈಯಲ್ಲಿ ಚಹಾದ ಕಪ್ ಹಿಡಿದು ಸ್ಕ್ರೀನಿನ ಮೇಲೆ ಕಣ್ಣಾಡಿಸುತ್ತಿದ್ದರು. ನಾಲ್ಕು ಫೋನು, ಒಂದು ಪ್ರಿಂಟರ್, ಒಂದು ಸಿಸಿ ಕ್ಯಾಮೆರಾ ಡಬ್ಬಿ, ಅದರ ಕೆಳಗೆ ಒಂದು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪಿನ ಹೆಸರು ಅದೇ ರಸ್ತೆಯ ಇನ್ನೊಂದು ಗಿರಣಿಯ ಹೆಸರಾಗಿದ್ದು, ಕೊನೆಯಲ್ಲಿ ‘ಅಕೌಂಟ್ಸ್’ ಎಂದಿತ್ತು. ವಾರಕ್ಕೆರಡು ದಿನ ಲೆಕ್ಕ ಬರೆಯಲು ಬರುತ್ತಿದ್ದ ಹುಡುಗನ ಯಂತ್ರ ಅದು. ‘ಇವ ಅವ್ರ ಲೆಕ್ಕಾನೂ ಬರೀತಾನೇನ್ರೀ?’ ಎಂದರು ಮಾಲೀಕರು. ನಾನು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಎರಡು ಕಡೆ ಲೆಕ್ಕ ಬರೆಯುವುದು ತಪ್ಪೇನಲ್ಲ, ಆದರೆ ಅದನ್ನು ಯಾವಾಗ ಯಾರಿಗೆ ಹೇಳಬೇಕು ಎಂಬುದು ಆ ಹುಡುಗನ ಕೈಯಲ್ಲಿರಬೇಕಿತ್ತು. ಅವನ ಲ್ಯಾಪ್‌ಟಾಪು ಅವನಿಗಿಂತ ಮೊದಲೇ ಹೇಳಿಬಿಟ್ಟಿತು.

ಇದನ್ನೇ ಹಿಗ್ಗಿಸಿ ನೋಡಿ. ಪಿಜಿಯೊಂದರಲ್ಲಿರುವ ಹೆಣ್ಣುಮಗಳ ಹೆಸರು ಅದೇ ವೈಫೈ ಬಳಸುವ ಅಪರಿಚಿತನಿಗೆ ಸಿಗುತ್ತದೆ. ಸಾಣಾಪುರದ ಹೋಂಸ್ಟೇಯಲ್ಲಿ ತಂಗಿದವರು ಎಷ್ಟು ಗಂಟೆಗೆ ಹೊರಗೆ ಹೋಗುತ್ತಾರೆ, ಎಷ್ಟು ಗಂಟೆಗೆ ಬರುತ್ತಾರೆ ಎಂಬುದು ಆ ಹೆಸರು ಪಟ್ಟಿಯಲ್ಲಿ ಕಾಣುವ, ಕಾಣದಾಗುವ ಹೊತ್ತಿನಿಂದಲೇ ತಿಳಿಯುತ್ತದೆ. ಮಾಡೆಲಿನ ಹೆಸರೂ ಸೇರಿದ್ದರೆ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪಿನ ಬೆಲೆಯೂ ಗೊತ್ತಾದಂತೆ.

ಈ ತೊಂದರೆ ನನ್ನ ಕಲ್ಪನೆಯಲ್ಲ. ಇಂಟರ್‌ನೆಟ್ಟಿನ ನಿಯಮಾವಳಿಗಳನ್ನು ರೂಪಿಸುವ ಐಇಟಿಎಫ್ ಬಳಗದಿಂದ 2017ರಲ್ಲಿ ಹೊರಬಂದ ಆರ್‌ಎಫ್‌ಸಿ 8117 ಎಂಬ ದಾಖಲೆ, ಹೋಸ್ಟ್‌ನೇಮುಗಳನ್ನು ಈಗ ಬಳಸುತ್ತಿರುವ ರೀತಿಯೇ ಹಾನಿಕರ ಎಂದು ನೇರವಾಗಿ ಹೇಳಿದೆ.

ಇದು ನಮ್ಮ ವೈಫೈಯೊಳಗಿನ ಮಾತಲ್ಲವೇ? ಹೊರಗಿನವರಿಗೆ ಹೇಗೆ ತಿಳಿಯುತ್ತದೆ?

ಮನೆಯ ರೂಟರಾದರೆ ಸಾಮಾನ್ಯವಾಗಿ ಒಳಗೇ ಉಳಿಯುತ್ತದೆ. ಆದರೆ ಕೆಲವು ದೊಡ್ಡ ಸಂಸ್ಥೆಗಳ ನೆಟ್‌ವರ್ಕುಗಳು ಡಿಎಚ್‌ಸಿಪಿಯಲ್ಲಿ ಬಂದ ಹೆಸರನ್ನು ತಾವಾಗಿಯೇ ತಮ್ಮ ರಿವರ್ಸ್ ಡಿಎನ್‌ಎಸ್ ದಾಖಲೆಗೆ, ಅಂದರೆ ಐಪಿ ವಿಳಾಸ ಕೊಟ್ಟರೆ ಹೆಸರು ಹೇಳುವ ಪಟ್ಟಿಗೆ, ಸೇರಿಸುತ್ತವೆ, ಮತ್ತು ಆ ದಾಖಲೆಯನ್ನು ಜಗತ್ತಿನ ಯಾರು ಬೇಕಾದರೂ ಓದಬಹುದು. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಇದನ್ನು ತೋರಿಸಿಕೊಟ್ಟರು. ‘ಬ್ರಯಾನ್’ ಎಂಬ ಹೆಸರು ಅಂಟಿದ್ದ ಸಾಧನಗಳು ಒಂದು ಕ್ಯಾಂಪಸ್ಸಿಗೆ ಯಾವಾಗ ಬಂದವು, ಯಾವಾಗ ಹೋದವು ಎಂಬುದನ್ನು ಅವರು ಆ ಕ್ಯಾಂಪಸ್ಸಿನೊಳಗೆ ಕಾಲಿಡದೆಯೇ ಗುರುತಿಸಿದ್ದರು.

ವಿಪಿಎನ್ ಹಾಕಿದ್ದೇನೆ. ಸಾಕಲ್ಲವೇ?

ಸಾಲದು. ವಿಪಿಎನ್ ಎಂದರೆ ನಿಮ್ಮ ಇಂಟರ್‌ನೆಟ್ ಸಂಚಾರವನ್ನು ಗುಪ್ತಲಿಪಿಯಲ್ಲಿ ಬೇರೊಂದು ಸರ್ವರಿನ ಮೂಲಕ ಕಳಿಸುವ ವ್ಯವಸ್ಥೆ. ಅದು ಆರಂಭವಾಗುವುದಕ್ಕೆ ಮೊದಲು ನಿಮಗೆ ಐಪಿ ವಿಳಾಸ ಬೇಕು, ಆ ವಿಳಾಸ ಕೇಳುವಾಗಲೇ ಹೆಸರು ಹೊರಬಿದ್ದಿರುತ್ತದೆ. ಬ್ರೌಸರಿನ ಇನ್‌ಕಾಗ್ನಿಟೋ ವಿಂಡೋಗಂತೂ ಈ ವಿಷಯದೊಂದಿಗೆ ಸಂಬಂಧವೇ ಇಲ್ಲ.

ನನ್ನ ಕಂಪ್ಯೂಟರು ಏನನ್ನು ಸಾರುತ್ತಿದೆ ಎಂದು ನೋಡುವುದು ಹೇಗೆ?

ಸುಲಭದ ದಾರಿ ನಿಮ್ಮದೇ ಮನೆಯ ರೂಟರ್. ಅದರ ಪುಟದಲ್ಲಿ ‘ಡಿಎಚ್‌ಸಿಪಿ ಕ್ಲೈಂಟ್ಸ್’ ಅಥವಾ ‘ಕನೆಕ್ಟೆಡ್ ಡಿವೈಸಸ್’ ಎಂಬ ಪಟ್ಟಿ ಇರುತ್ತದೆ, ಅಲ್ಲಿ ನಿಮ್ಮ ಯಂತ್ರದ ಹೆಸರು ಹೇಗೆ ಕಾಣುತ್ತದೆಯೋ ಲಾಡ್ಜಿನ ಮ್ಯಾನೇಜರಿಗೂ ಹಾಗೆಯೇ ಕಾಣುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ, ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಹೋಸ್ಟ್‌ನೇಮ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿದರೂ ಹೆಸರು ಬರುತ್ತದೆ.

ಹತ್ತಿರದಿಂದ ನೋಡುವ ಆಸೆಯಿದ್ದರೆ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಶೋಧಕದಲ್ಲಿ ಡಿಎಚ್‌ಸಿಪಿ ಎಂದು ಕೊಟ್ಟು, ವೈಫೈಯನ್ನು ಒಮ್ಮೆ ಆರಿಸಿ ಹಚ್ಚಿ. ಎರಡು-ಮೂರು ಸೆಕೆಂಡಿನಲ್ಲಿ ‘ಡಿಸ್ಕವರ್’, ‘ರಿಕ್ವೆಸ್ಟ್’ ಎಂಬ ಸಾಲುಗಳು ಬೀಳುತ್ತವೆ. ಒಂದನ್ನು ಬಿಡಿಸಿದರೆ ಆಪ್ಷನ್ 12ರ ಎದುರಿಗೆ ನಿಮ್ಮ ಹೆಸರು ಇರುತ್ತದೆ. ಕೆಳಗೆ ಆಪ್ಷನ್ 60ನ್ನೂ ಗಮನಿಸಿ: ವಿಂಡೋಸ್ ಅಲ್ಲಿ ತಾನು ವಿಂಡೋಸ್ ಎಂದು ಬೇರೆ ಹೇಳಿಕೊಂಡಿರುತ್ತದೆ. ಈ ಪ್ರಯೋಗವನ್ನು ನಿಮ್ಮ ಸ್ವಂತ ನೆಟ್‌ವರ್ಕಿನಲ್ಲಿ ಮಾತ್ರ ಮಾಡಿ.

ಹಾಗಾದರೆ ಎಂಥ ಹೆಸರು ಇಡಬೇಕು? ಸುಮ್ಮನೆ ಗಜಿಬಿಜಿ ಅಕ್ಷರಗಳನ್ನು ಹಾಕಿದರೆ ಆಗುವುದಿಲ್ಲವೇ?

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ರ‍್ಯಾಂಡಮ್ ಹೆಸರು ಎಂದ ಕೂಡಲೇ ಇಪ್ಪತ್ತು-ಮೂವತ್ತು ಅಕ್ಷರಗಳ ಒಂದು ಸರಮಾಲೆಯನ್ನು ಹೆಣೆದು ಕೂರಿಸುತ್ತಾರೆ. ಲಾಡ್ಜಿನ ಪಟ್ಟಿಯಲ್ಲಿ ಹತ್ತು ‘ಡೆಸ್ಕ್‌ಟಾಪ್’, ಐದು ‘ಐಫೋನ್’ ನಡುವೆ ಅಂಥದ್ದೊಂದು ಹೆಸರು ಬಂದರೆ ಎಲ್ಲರ ಕಣ್ಣು ಅದರ ಮೇಲೆಯೇ ಬೀಳುತ್ತದೆ. ಜಾತ್ರೆಯಲ್ಲಿ ಗುರುತು ಸಿಗಬಾರದೆಂದು ಮುಖಕ್ಕೆ ಬಣ್ಣ ಬಳಿದುಕೊಂಡು ಹೋದಂತೆ ಅದು. ಗವಿಮಠದ ಜಾತ್ರೆಯ ಜನಸಾಗರದಲ್ಲಿ ಕಾಣದಂತಿರಬೇಕಾದರೆ ಉಳಿದವರು ಉಟ್ಟಂಥ ಬಟ್ಟೆಯನ್ನೇ ಉಟ್ಟಿರಬೇಕು.

ಆದ್ದರಿಂದ ನನ್ನ ಸಲಹೆ ಎರಡು ಬಗೆಯದು. ಒಂದು, ವಿಂಡೋಸ್ ತಾನಾಗಿ ಇಡುವ ಮಾದರಿಯಲ್ಲೇ ಹೆಸರು ಮಾಡಿ: ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಡೆಸ್ಕ್‌ಟಾಪ್’, ಅಡ್ಡಗೆರೆ, ಏಳು ರ‍್ಯಾಂಡಮ್ ಅಕ್ಷರ-ಅಂಕೆಗಳು. 26 ಅಕ್ಷರ, 10 ಅಂಕೆ ಸೇರಿ 36 ಆಯ್ಕೆಗಳು, ಏಳು ಸ್ಥಾನ. ಲೆಕ್ಕ ಹಾಕಿದರೆ ಸುಮಾರು 7,836 ಕೋಟಿ ಹೆಸರುಗಳಾಗುತ್ತವೆ. ಇನ್ನೊಬ್ಬರ ಹೆಸರಿಗೆ ತಾಳೆಯಾಗುವ ಭಯವಿಲ್ಲ, ನೋಡುವವರಿಗೆ ವಿಶೇಷವೂ ಅನಿಸುವುದಿಲ್ಲ. ಎರಡು, ಎಲ್ಲರೂ ಒಂದೇ ಹೆಸರು ಇಟ್ಟುಕೊಳ್ಳುವುದು. ಹೂನಿಕ್ಸ್ ಎಂಬ ಗೋಪ್ಯತೆಯ ಆಪರೇಟಿಂಗ್ ಸಿಸ್ಟಮ್ ಈ ದಾರಿ ಹಿಡಿದಿದೆ: ಅದನ್ನು ಬಳಸುವ ಎಲ್ಲರ ಯಂತ್ರದ ಹೆಸರೂ ‘ಹೋಸ್ಟ್’ ಎಂದೇ. ಎಲ್ಲರೂ ಒಂದೇ ಹೆಸರಿನವರಾದರೆ ಹೆಸರಿಗೆ ಗುರುತಿನ ಬೆಲೆಯೇ ಇರುವುದಿಲ್ಲ. ಆದರೆ ಇದು ಬಹಳ ಜನ ಹಾಗೆ ಮಾಡಿದಾಗ ಮಾತ್ರ ಫಲಿಸುವ ಉಪಾಯ. ನಮ್ಮ ಕಡೆಯ ಸಾಮಾನ್ಯ ವೈಫೈಗೆ ಮೊದಲನೆಯದೇ ಮೇಲು.

ಹೆಸರಿನಲ್ಲಿ ಏನು ಇರಬಾರದು ಎಂಬುದು ಇನ್ನೂ ಮುಖ್ಯ: ನಿಮ್ಮ ಹೆಸರು, ಊರು, ಇಲಾಖೆ, ಹುದ್ದೆ, ಅಂಗಡಿಯ ಹೆಸರು, ಹುಟ್ಟಿದ ವರ್ಷ, ಲ್ಯಾಪ್‌ಟಾಪಿನ ಮಾಡೆಲ್. ಮಕ್ಕಳ ಹೆಸರು ಇಡುವ ಅಪ್ಪ-ಅಮ್ಮಂದಿರು ಬಹಳ ಇದ್ದಾರೆ, ಪ್ರೀತಿ ಅರ್ಥವಾಗುತ್ತದೆ, ಆದರೂ ಬೇಡ.

ಹೆಸರು ಬದಲಿಸಿದ ಮೇಲೆ ನನ್ನನ್ನು ಗುರುತಿಸಲು ಆಗುವುದಿಲ್ಲವೇ?

ಹೆಸರೊಂದನ್ನೇ ಬದಲಿಸಿದರೆ ಅರ್ಧ ಕೆಲಸವೂ ಆದಂತಲ್ಲ. ಪ್ರತಿ ವೈಫೈ ಕಾರ್ಡಿಗೂ 48 ಬಿಟ್ಟುಗಳ ಮ್ಯಾಕ್ ವಿಳಾಸ ಎಂಬ ಗುರುತಿನ ಸಂಖ್ಯೆಯಿರುತ್ತದೆ (ಆಪಲ್ಲಿನ ಮ್ಯಾಕಿಗೂ ಇದಕ್ಕೂ ಸಂಬಂಧವಿಲ್ಲ), ಅದು ಪ್ರತಿ ಪ್ಯಾಕೆಟ್ಟಿನ ಮೇಲೂ ಬರೆದಿರುತ್ತದೆ. ನಿನ್ನೆ ಒಂದು ಹೆಸರು, ಇವತ್ತು ಇನ್ನೊಂದು, ಆದರೆ ಮ್ಯಾಕ್ ವಿಳಾಸ ಅದೇ ಆಗಿದ್ದರೆ, ‘ಇವನು ದಿನವೂ ಹೆಸರು ಬದಲಿಸುವವನು’ ಎಂಬ ಹೊಸ ಗುರುತನ್ನು ನೀವೇ ಕೊಟ್ಟಂತಾಗುತ್ತದೆ. ಇದರ ತಿರುವೂ ನಿಜ: ಮ್ಯಾಕ್ ವಿಳಾಸವನ್ನು ರ‍್ಯಾಂಡಮ್ ಮಾಡಿ ಹೋಸ್ಟ್‌ನೇಮ್ ಮರೆತರೆ, ಹೆಸರೇ ಹಳೆಯ ವಿಳಾಸವನ್ನೂ ಹೊಸದನ್ನೂ ದಾರ ಹಾಕಿ ಕಟ್ಟಿಬಿಡುತ್ತದೆ. ಎರಡೂ ಒಟ್ಟಿಗೆ ಬದಲಾಗಬೇಕು, ಅದೂ ವೈಫೈಗೆ ಸೇರುವ ಮುಂಚೆ.

ಐಫೋನಿನಲ್ಲಿ ಪ್ರತಿ ನೆಟ್‌ವರ್ಕಿಗೂ ಬೇರೆ ಮ್ಯಾಕ್ ವಿಳಾಸ ಬಳಸುವ ಏರ್ಪಾಡು 2020ರ ಐಒಎಸ್ 14ರಲ್ಲಿ ಬಂತು. ಆಂಡ್ರಾಯ್ಡ್ 10ರಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ವಿಂಡೋಸಿನಲ್ಲಿ ವೈಫೈ ಸೆಟ್ಟಿಂಗ್ಸಿನೊಳಗೆ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ ಗುಂಡಿಯಿದ್ದರೆ ಅದನ್ನು ಚಾಲೂ ಮಾಡಿ. ಕೆಲವು ಹಳೆಯ ಕಾರ್ಡುಗಳಲ್ಲಿ ಆ ಗುಂಡಿ ಕಾಣುವುದೇ ಇಲ್ಲ.

ಇನ್ನೂ ಸಣ್ಣ ಸುಳಿವುಗಳಿವೆ. ಯಂತ್ರ ಮರಳಿ ಸೇರುವಾಗ ‘ಹಿಂದೆ ನನಗಿದ್ದ ಐಪಿ ವಿಳಾಸವನ್ನೇ ಕೊಡಿ’ ಎಂದು ಕೇಳುವುದುಂಟು, ಐಪಿ ವಿಳಾಸದ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ಡಿಯುಐಡಿ ಎಂಬ ಬದಲಾಗದ ಗುರುತೂ ಹೋಗುತ್ತದೆ. ಇವನ್ನೆಲ್ಲ ಒಟ್ಟಿಗೆ ಹೇಗೆ ಮುಚ್ಚಬೇಕು ಎಂಬುದಕ್ಕೆ 2016ರ ಆರ್‌ಎಫ್‌ಸಿ 7844 ಒಂದು ಮಾದರಿಯನ್ನು ಕೊಟ್ಟಿದೆ.

ಹೆಸರನ್ನು ಕಳಿಸದೇ ಇರಲು ಬರುವುದಿಲ್ಲವೇ?

ಬರುತ್ತದೆ, ಮತ್ತು ನನ್ನನ್ನು ಕೇಳಿದರೆ ಬದಲಿಸುವುದಕ್ಕಿಂತ ಕಳಿಸದಿರುವುದೇ ಒಳ್ಳೆಯದು. ಆಪ್ಷನ್ 12 ಕಡ್ಡಾಯವಲ್ಲ. ಅದು ಇಲ್ಲದಿದ್ದರೂ ರೂಟರ್ ಐಪಿ ವಿಳಾಸ ಕೊಡುತ್ತದೆ, ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿಯಾಗಿಯೋ ‘ಅನ್‌ನೋನ್’ ಎಂದೋ ಕಾಣುತ್ತದೆ, ಅಷ್ಟೇ.

ಲಿನಕ್ಸಿನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಬಳಸುವವರು ಆಯಾ ಸಂಪರ್ಕದ ‘ಡಿಎಚ್‌ಸಿಪಿ-ಸೆಂಡ್-ಹೋಸ್ಟ್‌ನೇಮ್’ ಎಂಬ ಗುಣವನ್ನು ‘ನೋ’ ಎಂದು ಮಾಡಬೇಕು, ಐಪಿವಿ4 ಮತ್ತು ಐಪಿವಿ6 ಎರಡಕ್ಕೂ ಬೇರೆ ಬೇರೆಯಾಗಿ. ಅದೇ ಕೆಲಸ ಮಾಡುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವವರಿಗೆ ಐಪಿವಿ4ರ ಮಟ್ಟಿಗೆ ‘ಅನಾನಿಮೈಜ್’ ಎಂಬ ಒಂದೇ ಸಾಲು ಸಾಕು, ಮೇಲೆ ಹೇಳಿದ 7844ರ ಮಾದರಿಯನ್ನು ಅದು ಪಾಲಿಸುತ್ತದೆ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಇಂಥ ಗುಂಡಿಯಿಲ್ಲ, ಹಾಗಾಗಿ ಅಲ್ಲಿ ಹೆಸರು ಬದಲಿಸುವುದೇ ದಾರಿ.

ಡಿಎಚ್‌ಸಿಪಿಯ ಬಾಯಿ ಮುಚ್ಚಿದರೂ ಎಮ್‌ಡಿಎನ್‌ಎಸ್ ತೆರೆದೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಲಿನಕ್ಸಿನಲ್ಲಿ ಅದು ಅವಾಹಿ ಎಂಬ ಸೇವೆಯ ಕೆಲಸ. ಪ್ರಿಂಟರ್ ಹುಡುಕಬೇಕಾಗಿಲ್ಲದಿದ್ದರೆ ಅದನ್ನು ನಿಲ್ಲಿಸಬಹುದು. ವಿಂಡೋಸಿನಲ್ಲಿ ಹೊಸ ವೈಫೈಗೆ ಸೇರಿದಾಗ ‘ಪಬ್ಲಿಕ್’ ಎಂದೇ ಆರಿಸಿ, ಆಗ ನೆಟ್‌ವರ್ಕ್ ಡಿಸ್ಕವರಿ ಬಂದ್ ಆಗಿರುತ್ತದೆ.

ವಿಂಡೋಸಿನಲ್ಲಿ ಹೆಸರು ಬದಲಿಸುವುದು ಹೇಗೆ?

ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಅಬೌಟ್. ಅಲ್ಲಿ ‘ರಿನೇಮ್ ದಿಸ್ ಪಿಸಿ’ ಒತ್ತಿ, ಹೊಸ ಹೆಸರು ಕೊಟ್ಟು, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಆಗುವವರೆಗೂ ಹಳೆಯ ಹೆಸರೇ ನಡೆಯುತ್ತದೆ. ಪದೇ ಪದೇ ಬದಲಿಸಬೇಕೆನ್ನುವವರು ಪವರ್‌ಶೆಲ್ಲಿನ ‘ರಿನೇಮ್-ಕಂಪ್ಯೂಟರ್’ ಆಜ್ಞೆಯನ್ನು ಟಾಸ್ಕ್ ಶೆಡ್ಯೂಲರಿನಲ್ಲಿ ಕೂರಿಸಬಹುದು. ಈ ಬಾರಿ ಕೊಟ್ಟ ಹೆಸರು ಮುಂದಿನ ಬಾರಿ ಯಂತ್ರ ಹಚ್ಚಿದಾಗ ಜಾರಿಗೆ ಬರುತ್ತದೆ. ನಿಜ ಹೇಳಬೇಕೆಂದರೆ ಸಾಮಾನ್ಯ ಬಳಕೆದಾರರಿಗೆ ಇಷ್ಟು ಬೇಡ. ಒಮ್ಮೆ ಸಾದಾ ಹೆಸರು ಇಟ್ಟರೆ ಮುಕ್ಕಾಲು ಪಾಲು ಲಾಭ ಸಿಕ್ಕಂತೆ.

ಲಿನಕ್ಸಿನಲ್ಲಿ ಪ್ರತಿ ಬಾರಿ ಯಂತ್ರ ಹಚ್ಚಿದಾಗಲೂ ಹೊಸ ಹೆಸರು ಬರುವಂತೆ ಮಾಡಬಹುದೇ?

ಮಾಡಬಹುದು. ಒಂದು ಚಿಕ್ಕ ಸ್ಕ್ರಿಪ್ಟು ಬರೆದು, ಅದು ಕರ್ನಲ್ಲಿನ ‘ಯುರ‍್ಯಾಂಡಮ್’ ಕಡತದಿಂದ ಏಳು ಅಕ್ಷರ-ಅಂಕೆಗಳನ್ನು ಎತ್ತಿಕೊಂಡು, ‘ಹೋಸ್ಟ್‌ನೇಮ್‌ಸಿಟಿಎಲ್’ ಮೂಲಕ ಹೊಸ ಹೆಸರನ್ನು ಕೂರಿಸಿ, ‘ಇಟಿಸಿ’ ಫೋಲ್ಡರಿನ ‘ಹೋಸ್ಟ್ಸ್’ ಕಡತದಲ್ಲಿ 127.0.1.1ರ ಎದುರಿನ ಹಳೆಯ ಹೆಸರನ್ನೂ ತಿದ್ದಬೇಕು. ಅದನ್ನು, ಯಂತ್ರ ಹಚ್ಚಿದಾಗ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಯ ಸೇವೆಯಾಗಿ ಮಾಡಿ, ‘ನೆಟ್‌ವರ್ಕ್-ಪ್ರಿ’ ಎಂಬ ಹಂತಕ್ಕಿಂತ ಮುಂಚೆ ಓಡುವಂತೆ ನಿಲ್ಲಿಸಬೇಕು. ಈ ಸರದಿಯೇ ಪ್ರಾಣ. ವೈಫೈ ಸೇರಿದ ಮೇಲೆ ಸ್ಕ್ರಿಪ್ಟು ಓಡಿದರೆ ಹಳೆಯ ಹೆಸರು ಆಗಲೇ ಕೂಗಿಯಾಗಿರುತ್ತದೆ.

ಇನ್ನೊಂದು ತಮಾಷೆ ಇದೆ. ಕೆಲವು ನೆಟ್‌ವರ್ಕುಗಳು ತಾವೇ ನಿಮ್ಮ ಯಂತ್ರಕ್ಕೊಂದು ಹೆಸರು ಕೊಡುತ್ತವೆ, ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಒಪ್ಪಿಕೊಂಡೂ ಬಿಡಬಹುದು. ಅತ್ತೆಯ ಮನೆಯಲ್ಲಿ ಸೊಸೆಗೆ ಹೊಸ ಹೆಸರಿಟ್ಟಂತೆ. ಅದು ಬೇಡವಾದರೆ ಅದರ ಸಂರಚನೆಯ ಕಡತದಲ್ಲಿ ‘ಹೋಸ್ಟ್‌ನೇಮ್-ಮೋಡ್’ ಎಂಬುದನ್ನು ‘ನನ್’ ಎಂದು ಮಾಡಿ.

ಆಪಲ್ ಕಂಪ್ಯೂಟರಿನಲ್ಲಿ?

ಅಲ್ಲಿ ಒಂದಲ್ಲ, ಮೂರು ಹೆಸರುಗಳಿವೆ: ಕಂಪ್ಯೂಟರ್‌ನೇಮ್, ಲೋಕಲ್‌ಹೋಸ್ಟ್‌ನೇಮ್, ಹೋಸ್ಟ್‌ನೇಮ್. ಸಿಸ್ಟಮ್ ಸೆಟ್ಟಿಂಗ್ಸಿನ ಜನರಲ್ ವಿಭಾಗದ ಅಬೌಟ್ ಪುಟದಲ್ಲಿ ಮೊದಲನೆಯದು ಸಿಗುತ್ತದೆ. ಟರ್ಮಿನಲ್ಲಿನ ‘ಎಸ್‌ಸಿಯುಟಿಲ್’ ಆಜ್ಞೆಯಿಂದ ಮೂರನ್ನೂ ಬದಲಿಸಬಹುದು. ಒಂದನ್ನು ಬಿಟ್ಟರೂ ಹಳೆಯ ಹೆಸರು ಇಣುಕುತ್ತಿರುತ್ತದೆ.

ಫೋನಿಗೂ ಇದು ಅನ್ವಯಿಸುತ್ತದೆಯೇ?

ಹೌದು. ಹಳೆಯ ಆಂಡ್ರಾಯ್ಡ್ ಫೋನುಗಳು ‘ಆಂಡ್ರಾಯ್ಡ್’ ಎಂಬ ಪದದ ಮುಂದೆ ಆ ಫೋನಿನ ಬದಲಾಗದ ಗುರುತಿನ ಸಂಖ್ಯೆಯನ್ನೇ ಹೆಸರಾಗಿ ಕಳಿಸುತ್ತಿದ್ದವು. 2017ರ ಆಂಡ್ರಾಯ್ಡ್ 8ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋಗಿ ಹೆಸರನ್ನು ಬರೀ ‘ಐಫೋನ್’ ಎಂದು ಮಾಡಿ. ಎರಡರಲ್ಲೂ ಹಾಟ್‌ಸ್ಪಾಟಿನ ಹೆಸರು, ಬ್ಲೂಟೂತ್ ಹೆಸರು ನೋಡಿಕೊಳ್ಳಿ. ಬಸ್ಸಿನಲ್ಲಿ ಕೂತು ಬ್ಲೂಟೂತ್ ಹುಡುಕಿದರೆ ಅರ್ಧ ಬಸ್ಸಿನ ಹೆಸರು ಓದಬಹುದು.

ಹೆಸರು ಬದಲಿಸಿದರೆ ಏನಾದರೂ ಕೆಡುತ್ತದೆಯೇ?

ಕೆಡಬಹುದು, ಅದರಲ್ಲೂ ಲಿನಕ್ಸಿನಲ್ಲಿ. ನಾನೇ ಕೆಡಿಸಿಕೊಂಡು ಕಲಿತದ್ದನ್ನು ಹೇಳುತ್ತೇನೆ.

ಮೊದಲ ಬಾರಿ ಬದಲಿಸಿದಾಗ ‘ಹೋಸ್ಟ್ಸ್’ ಕಡತ ತಿದ್ದುವುದನ್ನು ಮರೆತಿದ್ದೆ. ಪ್ರತಿ ಸಲ ‘ಸುಡೊ’ (ನಿರ್ವಾಹಕನ ಅಧಿಕಾರ ಕೇಳುವ ಆಜ್ಞೆ) ಕೊಟ್ಟಾಗಲೂ ಯಂತ್ರ ತನ್ನದೇ ಹೆಸರು ತನಗೆ ಸಿಗುತ್ತಿಲ್ಲ ಎಂದು ಗೊಣಗುತ್ತಿತ್ತು, ಕೆಲವೊಮ್ಮೆ ಹತ್ತು ಸೆಕೆಂಡು ಸುಮ್ಮನೆ ಕೂರುತ್ತಿತ್ತು. ಎರಡನೆಯ ಬಾರಿ ಕೆಲಸ ಮಾಡುತ್ತಿರುವಾಗಲೇ, ಲಾಗೌಟ್ ಆಗದೆ ಬದಲಿಸಿದೆ. ಲಿನಕ್ಸಿನಲ್ಲಿ ವಿಂಡೋಗಳನ್ನು ಪರದೆಗೆ ತರುವ ಎಕ್ಸ್11 ವ್ಯವಸ್ಥೆಯ ಅನುಮತಿಪತ್ರದಲ್ಲಿ ಹೋಸ್ಟ್‌ನೇಮ್ ಬರೆದಿರುತ್ತದೆ ಎಂದು ನನಗಾಗ ತಿಳಿದಿರಲಿಲ್ಲ. ತೆರೆದಿದ್ದ ವಿಂಡೋಗಳು ಹಾಗೇ ಇದ್ದವು, ಹೊಸದೊಂದನ್ನೂ ತೆರೆಯಲು ಆಗಲಿಲ್ಲ. ರೀಸ್ಟಾರ್ಟ್ ಮಾಡಿ ಒಳಗೆ ಬಂದರೆ ಈಗ ಕ್ರೋಮ್ ತಕರಾರು ತೆಗೆಯಿತು: ಈ ಪ್ರೊಫೈಲನ್ನು ಬೇರೊಂದು ಕಂಪ್ಯೂಟರು ಬಳಸುತ್ತಿದೆ ಎಂದು. ಅದರ ಬೀಗದ ಕಡತದಲ್ಲಿ ಹಳೆಯ ಹೋಸ್ಟ್‌ನೇಮ್ ಉಳಿದಿತ್ತು, ಹೊಸ ಹೆಸರಿನ ನನ್ನ ಯಂತ್ರವನ್ನೇ ಅದು ಪರಕೀಯ ಎಂದು ಬಗೆದಿತ್ತು. ಪ್ರೊಫೈಲ್ ಫೋಲ್ಡರಿನಲ್ಲಿರುವ ‘ಸಿಂಗಲ್‌ಟನ್‌ಲಾಕ್’ ಎಂಬ ಕಡತವನ್ನು, ಕ್ರೋಮ್ ಓಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಳಿಸಿದರೆ ಸರಿಹೋಗುತ್ತದೆ.

ಅಂಗಡಿ, ಗಿರಣಿಗಳಲ್ಲಿ ತೊಂದರೆ ಬೇರೆ ಬಗೆಯದು. ಒಂದು ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿ ಉಳಿದವು ಅದರ ಹೆಸರಿನ ಮೂಲಕ ಪ್ರಿಂಟ್ ಕೊಡುತ್ತಿದ್ದರೆ, ಅಥವಾ ಲೆಕ್ಕದ ತಂತ್ರಾಂಶದ ಡೇಟಾ ಫೋಲ್ಡರನ್ನು ಹೆಸರಿನಿಂದ ತೆರೆಯುತ್ತಿದ್ದರೆ, ಹೆಸರು ಬದಲಾದ ಮರುಕ್ಷಣ ಎಲ್ಲ ನಿಲ್ಲುತ್ತದೆ. ಒಂದೇ ಜಾಗದಲ್ಲಿ ಕೂತಿರುವ, ಬೇರೆಯವರಿಗೆ ಸೇವೆ ಕೊಡುವ ಯಂತ್ರದ ಹೆಸರನ್ನು ರ‍್ಯಾಂಡಮ್ ಮಾಡಬೇಡಿ. ಊರೂರು ತಿರುಗುವ ಲ್ಯಾಪ್‌ಟಾಪಿಗೆ ಮಾತ್ರ ಮಾಡಿ.

ಕನ್ನಡದಲ್ಲಿ ಹೆಸರು ಇಡಬಹುದೇ?

ನೆಟ್‌ವರ್ಕಿನ ಹೆಸರಿಗೆ ಆಗುವುದಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಮಾತ್ರ ನಡೆಯುತ್ತವೆ, ಒಂದು ಹೆಸರಿನ ತುಂಡು 63 ಅಕ್ಷರ ಮೀರಬಾರದು. ಲಿನಕ್ಸಿನಲ್ಲಿ ‘ಪ್ರೆಟಿ ಹೋಸ್ಟ್‌ನೇಮ್’ ಎಂಬ ಇನ್ನೊಂದು ಜಾಗವಿದೆ, ಅದರಲ್ಲಿ ಕನ್ನಡ ಚೆಂದವಾಗಿ ಕೂರುತ್ತದೆ. ನಾನು ಒಮ್ಮೆ ‘ಕಿನ್ನಾಳದ ಗೊಂಬೆ’ ಎಂದು ಇಟ್ಟಿದ್ದೆ. ಆಮೇಲೆ ನೋಡಿದರೆ ಬ್ಲೂಟೂತ್ ಆ ಹೆಸರನ್ನೇ ಎತ್ತಿಕೊಂಡು ಸುತ್ತಲಿನ ಫೋನುಗಳಿಗೆಲ್ಲ ತೋರಿಸುತ್ತಿತ್ತು. ಗೋಪ್ಯತೆಗೆಂದು ಹೊರಟವನಿಗೆ ತಕ್ಕ ಶಾಸ್ತಿ.

ಆಫೀಸು ಕೊಟ್ಟ ಲ್ಯಾಪ್‌ಟಾಪಿನ ಹೆಸರನ್ನು ಬದಲಿಸಬಹುದೇ?

ಬೇಡ. ಅದು ಡೊಮೇನಿಗೆ, ಅಂದರೆ ಕಂಪನಿಯ ಕಂಪ್ಯೂಟರುಗಳನ್ನೆಲ್ಲ ಒಂದೆಡೆಯಿಂದ ನಿಭಾಯಿಸುವ ಗುಂಪಿಗೆ, ಸೇರಿದ್ದರೆ ಆ ಹೆಸರಿನ ಮೇಲೆಯೇ ಅದರ ಖಾತೆ ನಿಂತಿರುತ್ತದೆ. ಹೆಸರು ನಿಮ್ಮ ಹುದ್ದೆಯನ್ನು ಬಯಲು ಮಾಡುವಂತಿದ್ದರೆ ಐಟಿ ವಿಭಾಗದವರಿಗೆ ಹೇಳಿ, ಬದಲಿಸುವುದು ಅವರ ಕೆಲಸ.

ಒಟಿಪಿ ಕೇಳುವ ವೈಫೈಯಲ್ಲಿ ಇದರಿಂದ ಪ್ರಯೋಜನವಿದೆಯೇ?

ನಿಮ್ಮ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕಿದ ಮೇಲೆ ಆ ವೈಫೈ ನಡೆಸುವವರಿಗೆ ನೀವು ಯಾರೆಂದು ಗೊತ್ತು. ಹೋಸ್ಟ್‌ನೇಮ್ ಏನೇ ಇದ್ದರೂ ಅವರಿಂದ ಮರೆಯಾಗಲು ಸಾಧ್ಯವಿಲ್ಲ. ಆದರೆ ಅದೇ ವೈಫೈಯಲ್ಲಿ ಪಕ್ಕದ ಬೆಂಚಿನ ಮೇಲೆ ಕೂತಿರುವ ಅಪರಿಚಿತನಿಗೆ ನಿಮ್ಮ ನಂಬರ್ ಕಾಣುವುದಿಲ್ಲ, ಹೋಸ್ಟ್‌ನೇಮ್ ಕಾಣಬಹುದು. ಈ ಉಪಾಯ ಇರುವುದು ಅವನಿಗಾಗಿ.

ಹಳೆಯ ಹೆಸರು ಬೇರೆಲ್ಲಾದರೂ ಉಳಿದಿರುತ್ತದೆಯೇ?

ಉಳಿದಿರುತ್ತದೆ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿ ಮಾಡಿದಾಗ ಅದರ ಬಹಿರಂಗ ಭಾಗದ ಕೊನೆಗೆ ಯೂಸರ್‌ನೇಮ್, ‘ಅಟ್’ ಚಿಹ್ನೆ, ಹೋಸ್ಟ್‌ನೇಮ್ ಸೇರಿಕೊಳ್ಳುತ್ತವೆ. ಆ ಕೀಲಿಯನ್ನು ಎಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ಹೆಸರೂ ಹೋಗಿದೆ. ಅದು ಬರೀ ಟಿಪ್ಪಣಿಯಾದ್ದರಿಂದ ಅಳಿಸಿದರೂ ಕೀಲಿ ಕೆಲಸ ಮಾಡುತ್ತದೆ. ಲಿಬ್ರೆಆಫೀಸ್ ಕಡತ ತೆರೆದಾಗ ಪಕ್ಕದಲ್ಲೇ ಒಂದು ಅಡಗಿದ ಬೀಗದ ಕಡತ ಹುಟ್ಟುತ್ತದೆ, ಅದರಲ್ಲೂ ಹೋಸ್ಟ್‌ನೇಮ್ ಇರುತ್ತದೆ. ಕರೆಂಟ್ ಹೋಗಿ ಯಂತ್ರ ಆರಿದರೆ ಆ ಕಡತ ಪೆನ್‌ಡ್ರೈವಿನಲ್ಲೇ ಉಳಿದು ಜೆರಾಕ್ಸ್ ಅಂಗಡಿಯವರೆಗೂ ಹೋಗಬಹುದು. ನಮ್ಮ ಕಡೆ ಬೇಸಿಗೆಯಲ್ಲಿ ಇದು ಅಪರೂಪವಲ್ಲ.

ನಾನು ಲಾಡ್ಜ್ ನಡೆಸುತ್ತೇನೆ. ನನ್ನ ಕಡೆಯಿಂದ ಏನು ಮಾಡಬಹುದು?

ಈ ಪ್ರಶ್ನೆಯನ್ನು ಕೇಳಿದವರು ಇದುವರೆಗೆ ಇಬ್ಬರೇ, ಆದರೂ ಉತ್ತರ ಬರೆದಿಡುತ್ತೇನೆ. ರೂಟರಿನಲ್ಲಿ ‘ಎಪಿ ಐಸೊಲೇಷನ್’ ಅಥವಾ ‘ಕ್ಲೈಂಟ್ ಐಸೊಲೇಷನ್’ ಎಂಬ ಆಯ್ಕೆಯಿದ್ದರೆ ಚಾಲೂ ಮಾಡಿ, ಆಗ ಒಂದು ರೂಮಿನ ಯಂತ್ರ ಇನ್ನೊಂದು ರೂಮಿನ ಯಂತ್ರದೊಂದಿಗೆ ನೇರವಾಗಿ ಮಾತಾಡಲಾಗುವುದಿಲ್ಲ. ಗಿರಾಕಿಗಳ ವೈಫೈ, ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿನ ವೈಫೈ ಬೇರೆ ಬೇರೆಯಾಗಿರಲಿ. ರೂಟರಿನ ಪುಟಕ್ಕೆ ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟಿದ್ದರೆ ಇವತ್ತೇ ಬದಲಿಸಿ. ಹೆಚ್ಚಿನ ಲಾಡ್ಜುಗಳಲ್ಲಿ ಆ ಪಾಸ್‌ವರ್ಡು ರೂಟರಿನ ಬೆನ್ನ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ, ರೂಟರು ಕೌಂಟರಿನ ಹಿಂದೆ, ಗಿರಾಕಿಯ ಕೈಗೆಟುಕುವಷ್ಟು ಎತ್ತರದಲ್ಲಿ ಗೋಡೆಗೆ ನೇತಾಡುತ್ತಿರುತ್ತದೆ.